ಭಕ್ತಿ ಕಡಿಮೆಯಾದದ್ದು ಮುಂಬಯಿಯಿಂದಲ್ಲ

ನಮ್ಮ ಸಭೆಯಲ್ಲಿ ಆರಾಧನೆ ಮುಗಿದು ಚಹಾ ಕುಡಿಯುವಾಗ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಊರಲ್ಲಿದ್ದಾಗ ಎಷ್ಟು ಭಕ್ತಿಯಿತ್ತು ಮಾರಾಯ್ರೆ, ಈ ಮುಂಬಯಿಗೆ ಬಂದು ಎಲ್ಲಾ ಹೋಯ್ತು!" ಮೂವತ್ತು ವರ್ಷಕ್ಕೂ ಮಿಕ್ಕಿ ಈ ಮಾತು ಕೇಳುತ್ತಾ ಬಂದಿದ್ದೇನೆ. ನನಗೆ ಒಪ್ಪಿಗೆಯಿಲ್ಲ. ಊರಲ್ಲಿ ನಮ್ಮ ಬದಲು ದೇವಾಲಯದ ಗಂಟೆ ಹೊಡೆಯುತ್ತಿತ್ತು, ಅಜ್ಜಿ ಕಿವಿ ಹಿಂಡಿ ಎಬ್ಬಿಸುತ್ತಿದ್ದರು, ಎರಡು ಭಾನುವಾರ ತಪ್ಪಿಸಿದರೆ ಅಯ್ಯನವರು ಮನೆ ಬಾಗಿಲಿಗೇ ಬರುತ್ತಿದ್ದರು. ಇಲ್ಲಿ ಕೇಳುವವರಿಲ್ಲ. ಕೇಳುವವರಿಲ್ಲದಾಗ ಎಷ್ಟು ಉಳಿಯಿತೋ ಅಷ್ಟೇ ನಮ್ಮ ಸ್ವಂತದ್ದು. ಅದನ್ನು ಬೆಳೆಸುವುದು ಹೇಗೆ ಅನ್ನುವುದಷ್ಟೇ ಪ್ರಶ್ನೆ.

ಮೊದಲು ಪ್ರಾರ್ಥನೆಯ ವಿಷಯ. ಒಳಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸಬೇಕೆಂದು ಯೇಸು ಕಲಿಸಿದ್ದು ಮತ್ತಾಯನ 6ನೇ ಅಧ್ಯಾಯದಲ್ಲಿದೆ. ಸರಿ, ಆದರೆ ಇರುವುದೇ ಒಂದು ಖೋಲಿಯಾದರೆ ಒಳಕೋಣೆ ಎಲ್ಲಿಂದ ಬರಬೇಕು? ಮೆಥೊಡಿಸ್ಟರ ಜಾನ್ ವೆಸ್ಲಿಯ ತಾಯಿ ಸುಸಾನಾ ಹತ್ತೊಂಬತ್ತು ಮಕ್ಕಳನ್ನು ಹೆತ್ತವರು. ಗಲಾಟೆಯ ಮನೆಯಲ್ಲಿ ಅಡುಗೆಯ ಏಪ್ರನ್ನನ್ನೇ ತಲೆ ಮೇಲೆ ಎಳೆದುಕೊಂಡು ಪ್ರಾರ್ಥಿಸುತ್ತಿದ್ದರಂತೆ. ಅಮ್ಮನ ಮುಖ ಮುಚ್ಚಿದ್ದರೆ ಮಕ್ಕಳು ಹತ್ತಿರ ಸುಳಿಯುತ್ತಿರಲಿಲ್ಲವಂತೆ. ನನ್ನ ಹೆಂಡತಿ ಬೀದರ ಕಡೆಯ ಮೆಥೊಡಿಸ್ಟ್ ಮನೆತನದವಳು, ಈ ಕಥೆ ಅವಳಿಗೆ ಬಾಯಿಪಾಠ. ಅವಳ ಒಳಕೋಣೆ ಅವಳ ಸೆರಗು. ನನ್ನದು ಬೆಳಗಿನ ಲೋಕಲ್ಲು. ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದು ಕೈಯಲ್ಲಿ ಚಿಕ್ಕ ಹೊಸ ಒಡಂಬಡಿಕೆ. ಅದೇ ಡಬ್ಬಿಯ ಇನ್ನೊಂದು ತುದಿಯಲ್ಲಿ ತಾಳ ಹಾಕಿ ಅಭಂಗ ಹಾಡುವ ಮಂಡಳಿ. ಅವರು ಜಾಗವಿಲ್ಲವೆಂದು ಹಾಡು ಬಿಟ್ಟಿಲ್ಲ.

ಕರಾವಳಿಯ ಬಾಸೆಲ್ ಮಿಶನ್ ಮನೆತನದ ನಮ್ಮಲ್ಲಿ ಮನೆಮಾತು ತುಳು, ಪ್ರಾರ್ಥನೆ ಮಾತ್ರ ಗ್ರಂಥದ ಕನ್ನಡದಲ್ಲಿ. ನಮ್ಮ ಹಿರಿಯರು ಕಣ್ಣು ಮುಚ್ಚಿದರೆ ಕೃದಂತ ತದ್ಧಿತ ಎಲ್ಲ ಸಾಲಾಗಿ ಬರುತ್ತಿತ್ತು. ಒಮ್ಮೆ ಅಂಥದ್ದೊಂದು ಪ್ರಾರ್ಥನೆ ಮುಗಿದ ಮೇಲೆ ಇವಳು ಮೆಲ್ಲಗೆ, "ದೇವರಿಗಿ ಯಾಕ ಬಾತ್ಮಿ ಓದಿ ಹೇಳ್ತಾರ್ರೀ? ಅವಗ ಗೊತ್ತಿಲ್ಲೇನು?" ಅಂದಳು. ನಕ್ಕೆ, ಆದರೆ ಅದರಲ್ಲಿ ಸತ್ಯವಿದೆ. ದೇವರ ಹತ್ತಿರ ಮಾತಾಡುವುದನ್ನು ಕಲಿಯಬೇಕಾದರೆ ಕೀರ್ತನೆಗಳ ಪುಸ್ತಕ ಓದಬೇಕು. 150 ಕೀರ್ತನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಗೋಳು, ದೂರು, ಜಗಳ. 13ನೆಯದು ಇನ್ನೆಷ್ಟು ಕಾಲ ಎಂಬ ಪ್ರಶ್ನೆಯಿಂದಲೇ ಶುರು. 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಇಲ್ಲ.

2020ರ ಲಾಕ್‌ಡೌನಿನಲ್ಲಿ ನಮ್ಮ ಮಾವ ಬೀದರಿನಲ್ಲಿ ತೀರಿಕೊಂಡರು. ಮಗಳಿಗೆ ಮಣ್ಣು ಹಾಕಲು ಹೋಗಲಾಗಲಿಲ್ಲ. ಆ ವಾರ ಫೋನಿನ ತುಂಬಾ ಹೂವಿನ ಚಿತ್ರದ ಮೇಲೆ ಬರೆದ ವಚನಗಳು. ಕಳಿಸಿದವರದು ಒಳ್ಳೆಯ ಮನಸ್ಸೇ, ಆದರೆ ಅವಳು ಒಂದನ್ನೂ ಓದಲಿಲ್ಲ. ರಾತ್ರಿ ಇಬ್ಬರೂ ಕೂತು 88ನೇ ಕೀರ್ತನೆ ಓದಿದೆವು. "ಇದು ಖರೇ ಅದ" ಅಂದಳು, ಆಮೇಲೆ ಅತ್ತಳು. ದುಃಖ ಇಳಿದದ್ದು ಎಷ್ಟೋ ತಿಂಗಳ ಮೇಲೆ, ಆದರೆ ಪ್ರಾರ್ಥನೆ ನಿಲ್ಲಲಿಲ್ಲ. ಇದಕ್ಕೇ ನಾನು ಹೇಳುವುದು, ಸತ್ಯವೇದವನ್ನು ಬೇಕಾದ ವಚನ ಹೆಕ್ಕಿ ಓದಬೇಡಿ, ಇಡಿಯಾಗಿ ಓದಿ. ಇರುವುದು 1,189 ಅಧ್ಯಾಯ, ದಿನಕ್ಕೆ ಮೂರು ನಾಲ್ಕು ಓದಿದರೆ ವರ್ಷದಲ್ಲಿ ಮುಗಿಯುತ್ತದೆ.

ಹೆಕ್ಕಿ ಓದುವುದರ ಕೆಟ್ಟ ಫಲ ನೋಡಬೇಕಾದರೆ ನಮ್ಮ ಮದುವೆಗಳಿಗೆ ಹೋಗಿ. ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯದ 22ನೇ ವಚನ, ಹೆಂಡತಿ ಅಧೀನಳಾಗಿರಬೇಕೆಂಬುದು, ಗಟ್ಟಿ ದನಿಯಲ್ಲಿ ಬರುತ್ತದೆ. ಒಬ್ಬರಿಗೊಬ್ಬರು ಅಧೀನರಾಗಿರಿ ಎಂಬರ್ಥದ 21ನೇ ವಚನ ಎಲ್ಲಿ ಹೋಯಿತು? ಕ್ರಿಸ್ತನು ಸಭೆಗಾಗಿ ಪ್ರಾಣ ಕೊಟ್ಟ ಹಾಗೆ ಗಂಡ ಪ್ರೀತಿಸಬೇಕೆನ್ನುವ 25ನೆಯದು ಬಂದಾಗ ವರನ ಕಡೆಯವರು ಊಟದ ಪಂಕ್ತಿಯ ಯೋಚನೆಯಲ್ಲಿರುತ್ತಾರೆ. ಪೇತ್ರ ಇನ್ನೂ ನೇರ. ತನ್ನ ಮೊದಲ ಪತ್ರದ 3ನೇ ಅಧ್ಯಾಯದಲ್ಲಿ, ಹೆಂಡತಿಗೆ ಮಾನ ಕೊಡದ ಗಂಡನ ಪ್ರಾರ್ಥನೆಗೇ ಅಡ್ಡಿಯಾಗುತ್ತದೆಂದು ಎಚ್ಚರಿಸುತ್ತಾನೆ. ಪೇತ್ರನಿಗೆ ಮನೆಯಲ್ಲಿ ಅತ್ತೆಯೂ ಇದ್ದಳು, ಸಂಸಾರ ಗೊತ್ತಿದ್ದವನ ಮಾತು ಅದು! ಸಭೆಯಲ್ಲಿ ಅರ್ಧ ಗಂಟೆ ಪ್ರಾರ್ಥಿಸಿ, ಮನೆಗೆ ಬಂದು ತಟ್ಟೆ ಎಸೆಯುವವರನ್ನು ನಾವೆಲ್ಲ ಬಲ್ಲೆವು. ಅಂಥವರನ್ನು ಹಿರಿಯರ ಕುರ್ಚಿಯಲ್ಲಿ ಕೂರಿಸುತ್ತೇವಲ್ಲ, ಭಕ್ತಿ ಕಡಿಮೆಯಾಗುವುದು ಅಲ್ಲಿ.

ಹಾಗೆಂದು ಗಂಡನ ಭಕ್ತಿಯನ್ನು ಹೆಂಡತಿಯ ಮೇಲೆ ಹೇರಲೂ ಬರುವುದಿಲ್ಲ. ಮರಾಠಿ ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ಇದೇ ಮುಂಬಯಿಯಲ್ಲಿ ದೀಕ್ಷಾಸ್ನಾನ ಪಡೆದರು. ಹೆಂಡತಿ ಲಕ್ಷ್ಮೀಬಾಯಿ ಜೊತೆಗೆ ಬರಲಿಲ್ಲ. ವರ್ಷಗಟ್ಟಲೆ ದೂರವಿದ್ದರು, ಗಂಡನ ಬಳಿಗೆ ಬಂದ ಮೇಲೂ ಮಡಿ ಬಿಡಲಿಲ್ಲ. ತಾವೇ ಯೋಚಿಸಿ, ತಮ್ಮ ಮನಸ್ಸಿಗೇ ಒಪ್ಪಿಗೆಯಾದ ಮೇಲೆ 1900ರಲ್ಲಿ ದೀಕ್ಷಾಸ್ನಾನಕ್ಕೆ ನಿಂತರು. ಟಿಳಕರು 1919ರಲ್ಲಿ ತೀರಿಕೊಂಡಾಗ ಅರ್ಧಕ್ಕೆ ನಿಂತಿದ್ದ 'ಕ್ರಿಸ್ತಾಯನ' ಕಾವ್ಯವನ್ನು ಮುಗಿಸಿದ್ದು ಇದೇ ಲಕ್ಷ್ಮೀಬಾಯಿ. ಅವರ ಆತ್ಮಕಥೆ 'ಸ್ಮೃತಿಚಿತ್ರೆ' ಮರಾಠಿ ಬಲ್ಲ ನಮ್ಮವರೆಲ್ಲ ಓದಬೇಕಾದದ್ದು. ನಗು, ಜಗಳ, ಸಿಟ್ಟು ಎಲ್ಲ ಇರುವ ಮದುವೆಯಲ್ಲೇ ನಂಬಿಕೆ ಹೇಗೆ ಬೆಳೆಯಿತು ಅನ್ನುವುದು ಅಲ್ಲಿದೆ.

ಕೊನೆಗೆ ಆರಾಧನೆ. ನಮ್ಮ ಕನ್ನಡ ಸಭೆಗೆ ಸ್ವಂತ ಕಟ್ಟಡವಿಲ್ಲ, ಬೇರೆಯವರ ದೇವಾಲಯದಲ್ಲಿ ಸಂಜೆಯ ಹೊತ್ತು ಸಿಗುತ್ತದೆ. ಮಕ್ಕಳು ಇಂಗ್ಲಿಷ್ ಸಭೆಗೆ ಹೋಗುತ್ತಾರೆ, ಹೋಗಲಿ. ಅರ್ಥವಾಗುವ ಭಾಷೆಯಲ್ಲಿ ಆರಾಧಿಸಬೇಕೆಂದೇ ಅಲ್ಲವೇ ಮಿಶನರಿಗಳು ಕನ್ನಡ ಕಲಿತದ್ದು, ಕಿಟೆಲ್ ಸಾಹೇಬರು 1894ರಲ್ಲಿ ಅಷ್ಟು ದೊಡ್ಡ ನಿಘಂಟು ಅಚ್ಚು ಹಾಕಿಸಿದ್ದು? ಭಾಷೆ ಯಾವುದೇ ಇರಲಿ, ಕೂಡಿ ಬರುವುದು ಮುಖ್ಯ. ಲಾಕ್‌ಡೌನ್ ಮುಗಿದು ವರ್ಷಗಳಾದರೂ ಕೆಲವರು ಬೆಳ್ಳುಳ್ಳಿ ಸುಲಿಯುತ್ತಾ ಫೋನಿನಲ್ಲೇ ಆರಾಧನೆ ನೋಡುತ್ತಿದ್ದಾರೆ. ಕಾಯಿಲೆಯವರ ಮಾತು ಬೇರೆ. ಆದರೆ ಕರ್ತನ ಭೋಜನ ಫೋನಿನಲ್ಲಿ ಬರುವುದಿಲ್ಲ. ಪಕ್ಕದಲ್ಲಿ ನಿಂತವನು ಈ ವಾರ ಯಾಕೆ ಹಾಡಲಿಲ್ಲ ಅನ್ನುವುದೂ ಅದರಲ್ಲಿ ಕಾಣುವುದಿಲ್ಲ.

ಹೆಚ್ಚೇನೂ ಬೇಡ. ರಾತ್ರಿ ಊಟವಾದ ಮೇಲೆ ಟಿವಿ ಆರಿಸಿ ಹತ್ತು ನಿಮಿಷ ಗಂಡಹೆಂಡತಿ ಕೂತು ಒಂದು ಅಧ್ಯಾಯ ಓದಿ. ಒಂದು ದಿನ ಇವರು, ಒಂದು ದಿನ ಅವರು ಪ್ರಾರ್ಥಿಸಲಿ. ಜಗಳವಾಗಿದ್ದ ದಿನ ಮೊದಲು ಮಾತಾಡಿ, ಆಮೇಲೆ ಪ್ರಾರ್ಥಿಸಿ. ನಿಮ್ಮ ಮನೆಯಲ್ಲಿ ಹೇಗೆ ನಡೆಯುತ್ತದೆ? ಬರೆದು ತಿಳಿಸಿ.