ಹೊಲದಾಗಿನ ಟವರು, ಬೆಂಗಳೂರಿನ ಕರೆಂಟು

ಬಾಗಲಕೋಟೆಯಿಂದ ಕಲಾದಗಿ ಕಡೆ ಹೊರಟರೆ ನಮ್ಮೂರು ತುಳಸಿಗೇರಿ ಸಿಗುತ್ತೆ. ಹನುಮಪ್ಪನ ಕಾರ್ತಿಕಕ್ಕೆ ಬಂದವರಿಗೆ ಗೊತ್ತಿರುತ್ತೆ. ಊರಿಗೆ ಹೋದಾಗ ಈಗೀಗ ಕಟ್ಟೆ ಮೇಲೆ ಕಬ್ಬಿನ ಬಿಲ್ಲಿನ ಜೊತೆ ಇದೂ ಒಂದು ಮಾತು: "ಸೋಲಾರು, ಗಾಳಿ ಫ್ಯಾನು ಬಂದ್ರ ಕರೆಂಟ್ ಇಲ್ಲೇ ಹುಟ್ಟತೈತಿ. ಮತ್ತ ಈ ದೊಡ್ಡ ಲೈನ್ ಯಾಕ ಬೇಕೋ ತಮ್ಮಾ?" ನಾನು ಓದಿದ್ದು ಕಂಪ್ಯೂಟರ್. ಆದ್ರೂ ಇಂಜಿನಿಯರ್ ಅಂದಮೇಲೆ ಎಲ್ಲದಕ್ಕೂ ಉತ್ತರ ಕೊಡಬೇಕು :)

ಅವರ ಮಾತು ಅರ್ಧ ಸರಿ. ನಮ್ಮ ಕಡೆ ಕರೆಂಟಿನ ದೊಡ್ಡ ಗಿರಾಕಿ ಪಂಪ್‌ಸೆಟ್ಟು. ಸಬ್‌ಸ್ಟೇಷನ್ ಹತ್ತಿರ ನಾಲ್ಕೈದು ಎಕರೆಯಲ್ಲಿ ಒಂದು ಮೆಗಾವ್ಯಾಟ್ ಸೋಲಾರ್ ಹಾಕಿದರೆ, ಈಗಿರೋ 11 ಕೆವಿ ಫೀಡರಿನಲ್ಲೇ ಹಗಲು ಹೊತ್ತು ತ್ರೀ ಫೇಸ್ ಕೊಡಬಹುದು. 2019ರ ಕುಸುಮ್ ಯೋಜನೆಯ ಒಂದು ಉದ್ದೇಶವೂ ಇದೇ. ನಡುರಾತ್ರಿ ಬ್ಯಾಟರಿ ಹಿಡಿದು, ಹಾವಿಗೆ ಹೆದರುತ್ತಾ ಮೋಟಾರ್ ಚಾಲೂ ಮಾಡೋದು ತಪ್ಪುತ್ತೆ. ಇದಕ್ಕೆ ಒಂದೂ ಹೊಸ ಟವರ್ ಬೇಡ.

ಆದರೆ ಬೆಂಗಳೂರು? ನನ್ನ ಆಫೀಸಿನ ಏಸಿ, ಸರ್ವರ್ ರೂಮು, ಮೆಟ್ರೋ ಎಲ್ಲ ಅಲ್ಲಿನ ಮಾಳಿಗೆ ಮೇಲಿನ ಪ್ಯಾನೆಲ್‌ಗಳಿಂದ ನಡೆಯಲ್ಲ. ಗಾಳಿ ಇರೋದು ಗದಗ, ಕೊಪ್ಪಳ, ಚಿತ್ರದುರ್ಗದಲ್ಲಿ. ಗದಗ ಮತ್ತು ಕೊಪ್ಪಳದಿಂದ ತಲಾ 2500 ಮೆಗಾವ್ಯಾಟ್ ಸಾಗಿಸೋಕೆ 400 ಕೆವಿ ಲೈನು ಹಾಕೋ ಯೋಜನೆ ಬಂದಿದ್ದು ಅದಕ್ಕೇ. ಸೋಲಾರ್ ಘಟಕ ಬೇಗ ಎದ್ದು ನಿಲ್ಲುತ್ತೆ, ಲೈನು ಹಿಂದೆ ಬೀಳುತ್ತೆ. ಲೈನ್ ಇಲ್ಲ ಅಂದ್ರೆ ಹುಟ್ಟಿದ ಕರೆಂಟನ್ನೂ ಬಂದ್ ಮಾಡಿ ಕೂರಬೇಕು.

ಅಂದ್ರೆ ಹೊಸ ಲೈನ್ ಬೇಕು. ಆದ್ರೆ ಕೇಳಿದಷ್ಟೆಲ್ಲ ಬೇಕಾ ಅನ್ನೋದು ನನ್ನ ತಕರಾರು. ಸೋಲಾರಿಗೆ ಅಂತಲೇ ಎಳೆದ ಲೈನು ಸೂರ್ಯ ಮುಳುಗಿದ ಮೇಲೆ ಖಾಲಿ. ವರ್ಷದ ಲೆಕ್ಕ ಹಾಕಿದರೆ ಅದರ ತಾಕತ್ತಿನ ಕಾಲು ಭಾಗವೂ ಬಳಕೆ ಆಗೋದು ಕಷ್ಟ. ನಮ್ಮಲ್ಲಿ ಗಾಳಿ ಜೋರಾಗಿ ಬೀಸೋದು ಮಳೆಗಾಲದಲ್ಲಿ, ಬಿಸಿಲು ಕಮ್ಮಿ ಇರೋವಾಗ. ಎರಡನ್ನೂ ಒಂದೇ ಲೈನಿಗೆ ಕಟ್ಟಿದರೆ, ಜೊತೆಗೆ ಬ್ಯಾಟರಿ ಇಟ್ಟರೆ, ಅದೇ ತಂತಿ ರಾತ್ರಿಯೂ ದುಡಿಯುತ್ತೆ. ಕೃಷ್ಣೆಯ ಆಚೆ ಕೂಡಗಿಯಲ್ಲಿ 2400 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಇದೆ. ಬಿಸಿಲು ಹೆಚ್ಚಾದಾಗ ಇಂಥ ಸ್ಥಾವರಗಳನ್ನು ತಗ್ಗಿಸಿ ಓಡಿಸ್ತಾರೆ. ಆಗ ಅವುಗಳ ಲೈನಿನಲ್ಲಿ ಉಳಿಯೋ ಜಾಗವನ್ನು ಮೊದಲು ತುಂಬಲಿ. ಹಳೆ ಟವರಿನ ಮೇಲೇ ಹೆಚ್ಚು ಕರೆಂಟ್ ಹೊರೋ ತಂತಿ ಬದಲಿಸೋದೂ ಸಾಧ್ಯ. ಇಷ್ಟು ಮಾಡಿದ ಮೇಲೂ ಸಾಲದಿದ್ರೆ ರೈತನ ಹೊಲಕ್ಕೆ ಬನ್ನಿ.

ಬಂದಾಗ ಏನು ಕೊಡ್ತೀರಿ? ಟವರಿಗೆ ಭೂಸ್ವಾಧೀನವೇ ಬೇಕಿಲ್ಲ. 2003ರ ವಿದ್ಯುತ್ ಕಾಯ್ದೆಯ 164ನೇ ಕಲಮಿನಡಿ, 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಹಿಡಿದು ಹೊಲಕ್ಕೆ ಇಳಿಯಬಹುದು. 220 ಕೆವಿ ಲೈನಿಗೆ 35 ಮೀಟರ್ ಅಗಲದ ಪಟ್ಟಿ. ಅದರ ಕೆಳಗೆ ಜೋಳ ಬೆಳೀರಿ, ಅಡ್ಡಿ ಇಲ್ಲ. ಚಿಕ್ಕು ಬೆಳೆದು ಎತ್ತರ ಆದರೆ ಕಡೀತಾರೆ. ಮನೆ ಅಂತೂ ಕಟ್ಟೋ ಹಾಗಿಲ್ಲ. ನಮ್ಮ ಕಾಕಾನ ಹೊಲದಲ್ಲಿ ಹಳೇ ಟವರ್ ಒಂದಿದೆ. ಆಗ ಸಿಕ್ಕಿದ್ದು ಬೆಳೆ ಹಾಳಾಗಿದ್ದಕ್ಕೆ ಒಂದಿಷ್ಟು ದುಡ್ಡು, ಅಷ್ಟೇ.

2024ರ ಜೂನ್‌ನಲ್ಲಿ ಕೇಂದ್ರದ ಇಂಧನ ಸಚಿವಾಲಯ ಹೊಸ ಮಾರ್ಗಸೂಚಿ ಹೊರಡಿಸ್ತು. ಟವರ್ ನಿಂತ ಜಾಗಕ್ಕೆ ಜಮೀನಿನ ಬೆಲೆಯ 200%, ತಂತಿ ಹಾಯೋ ಪಟ್ಟಿಗೆ 30%. ಮೊದಲಿಗಿಂತ ಬಹಳ ವಾಸಿ, ಒಪ್ಪಲೇಬೇಕು. ಆದ್ರೂ ಕೊಡೋದು ಒಂದೇ ಸಲ. ಪಾವಗಡದ 2050 ಮೆಗಾವ್ಯಾಟ್ ಸೋಲಾರ್ ಪಾರ್ಕಿಗೆ ರೈತರಿಂದ ಸುಮಾರು 13,000 ಎಕರೆ ತಗೊಂಡಿದ್ದು ಗುತ್ತಿಗೆಗೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ 5% ಏರಿಕೆ. ಪ್ಯಾನೆಲ್ ಹೊತ್ತ ಭೂಮಿಗೆ ವರ್ಷವರ್ಷ ಬಾಡಿಗೆ ಇರೋವಾಗ ತಂತಿ ಹೊತ್ತ ಭೂಮಿಗೆ ಯಾಕಿಲ್ಲ? ತಂತಿ ಇರೋ ತನಕ ಅಲ್ಲಿ ಗಿಡ ಹಚ್ಚೋ ಹಕ್ಕು ಇಲ್ಲವಲ್ಲ.

ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯನ್ನೇ ಬಿಟ್ಟುಕೊಟ್ಟ ಜಿಲ್ಲೆ ನಮ್ಮದು. ಅಭಿವೃದ್ಧಿಗೆ ಅಡ್ಡ ಬರ್ತಾರೆ ಅಂತ ಇಲ್ಲಿನವರಿಗೆ ಯಾರೂ ಪಾಠ ಹೇಳಬೇಕಿಲ್ಲ. ರಾಜ್ಯದ ಒಳಗಿನ ಲೈನಿಗೆ ಎಷ್ಟು ಕೊಡಬೇಕು ಅನ್ನೋದು ರಾಜ್ಯ ಸರ್ಕಾರದ ಕೈಯಲ್ಲೇ ಇದೆ. ವರ್ಷದ ಬಾಡಿಗೆ ಕೊಟ್ಟು, ಅದನ್ನು ಸಾಗಣೆ ಶುಲ್ಕಕ್ಕೆ ಸೇರಿಸಲಿ. ನನ್ನ ಬೆಂಗಳೂರಿನ ಬಿಲ್ಲಿನಲ್ಲಿ ಯೂನಿಟ್ಟಿಗೆ ನಾಲ್ಕು ಪೈಸೆ ಹೆಚ್ಚಾದರೆ ನಾನು ಕಟ್ತೀನಿ.