ನಿಧಿ ಜನರದು, ಫೋಟೋ ಯಾರದು?



2020ರ ಸೆಪ್ಟೆಂಬರ್ 23ರಂದು ಬೆಳಗಾವಿಯ ಸಂಸದ, ಕೇಂದ್ರ ಸಚಿವ ಸುರೇಶ ಅಂಗಡಿಯವರು ಕೊರೊನಾದಿಂದ ಲಿಂಗೈಕ್ಯರಾದರು. ಮರುದಿನವೇ ಬಸವಕಲ್ಯಾಣದ ಶಾಸಕ ಬಿ. ನಾರಾಯಣರಾವ್ ಅವರನ್ನೂ ಅದೇ ಕಾಯಿಲೆ ಕೊಂಡೊಯ್ದಿತು. ಒಬ್ಬರು ಬಿಜೆಪಿ, ಇನ್ನೊಬ್ಬರು ಕಾಂಗ್ರೆಸ್, ಸೋಂಕಿಗೆ ಪಕ್ಷವಿರಲಿಲ್ಲ. ಆ ಎರಡು ಸ್ಥಾನಗಳಿಗೆ ಮತದಾನ ನಡೆದದ್ದು 2021ರ ಏಪ್ರಿಲ್ 17ರಂದು, ಎರಡನೆಯ ಅಲೆ ಏರುತ್ತಿದ್ದಾಗ. ಈ ನಡುವಿನ ಸುಮಾರು ಏಳು ತಿಂಗಳಲ್ಲಿ ಜನರ ಹಣ ಯಾರ ಹೆಸರಿನಲ್ಲಿ ಓಡಾಡಿತು ಎಂಬುದನ್ನು ನಾವು, ಅದರಲ್ಲೂ ಬಸವಕಲ್ಯಾಣವನ್ನು ಪುಣ್ಯಭೂಮಿ ಎನ್ನುವ ನಾವು, ಕೇಳಲೇ ಇಲ್ಲ.

ನೀತಿಸಂಹಿತೆ ಇತ್ತಲ್ಲ ಎನ್ನುವವರಿದ್ದಾರೆ. ಇತ್ತು. ಚುನಾವಣೆ ಘೋಷಣೆಯಾದ ಕ್ಷಣದಿಂದ ಶಾಸಕರ, ಸಂಸದರ ಕ್ಷೇತ್ರಾಭಿವೃದ್ಧಿ ನಿಧಿಯಿಂದ ಹೊಸದಾಗಿ ಹಣ ಬಿಡುಗಡೆ ಮಾಡುವಂತಿಲ್ಲ. ಆದೇಶವಾಗಿದ್ದರೂ ಸ್ಥಳದಲ್ಲಿ ಆರಂಭವಾಗದ ಕೆಲಸವನ್ನು ಆರಂಭಿಸುವಂತಿಲ್ಲ. ಒಳ್ಳೆಯ ನಿಯಮವೇ. ಆದರೆ ಘೋಷಣೆಯಾದದ್ದು 2021ರ ಮಾರ್ಚ್ 16ಕ್ಕೆ. ಸ್ಥಾನ ತೆರವಾದದ್ದು ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಿ. ತೆರವಾದ ಸ್ಥಾನಕ್ಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಚುನಾವಣೆ ನಡೆಯಬೇಕೆಂಬುದು ಕಾನೂನು. ಹೀಗಾಗಿ ಚುನಾವಣೆ ಬರುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಲೆಕ್ಕಕ್ಕೆ ಮಾತ್ರ ಅದು ಚುನಾವಣೆಯ ಕಾಲವಲ್ಲ!

ಈ ಲೆಕ್ಕಕ್ಕಿಲ್ಲದ ಕಾಲದಲ್ಲಿ ಏನೇನಾಯಿತು? ನವೆಂಬರ್ 2020ರಲ್ಲಿ ಮರಾಠ ಅಭಿವೃದ್ಧಿ ನಿಗಮ, 50 ಕೋಟಿ ರೂಪಾಯಿಯೊಂದಿಗೆ. ಬಸವಕಲ್ಯಾಣದಲ್ಲಿ ಮರಾಠ ಮತದಾರರ ಸಂಖ್ಯೆ ದೊಡ್ಡದು. ಕೆಲವೇ ದಿನಗಳಲ್ಲಿ ವೀರಶೈವ-ಲಿಂಗಾಯತ ಅಭಿವೃದ್ಧಿ ನಿಗಮ. 2021ರ ಜನವರಿ 6ರಂದು ಬಸವಕಲ್ಯಾಣದಲ್ಲೇ 500 ಕೋಟಿ ರೂಪಾಯಿಯ ನೂತನ ಅನುಭವ ಮಂಟಪಕ್ಕೆ ಮುಖ್ಯಮಂತ್ರಿಗಳಿಂದ ಅಡಿಗಲ್ಲು. ಅನುಭವ ಮಂಟಪ ಬೇಡ ಎಂದು ನಮ್ಮಲ್ಲಿ ಯಾರು ಹೇಳುತ್ತಾರೆ? ನಾನು ಹೇಳಲಾರೆ. ಕಾನೂನಿನ ಕಣ್ಣಿಗೆ ಇದರಲ್ಲಿ ತಪ್ಪೂ ಇಲ್ಲ. ಆದರೆ ಅಡಿಗಲ್ಲಿನ ಮುಹೂರ್ತವನ್ನು ಪಂಚಾಂಗ ನೋಡಿ ಇಟ್ಟರೋ ಮತದಾರರ ಪಟ್ಟಿ ನೋಡಿ ಇಟ್ಟರೋ ಎಂದು ಕೇಳಬೇಕಾದವರು ನಾವೇ ಆಗಿದ್ದೆವು. ಪಂಚಾಂಗವನ್ನು ನಂಬದ ಪರಂಪರೆ ನಮ್ಮದು. ಹಾಗಾಗಿ ಉಳಿಯುವುದು ಎರಡನೆಯದೇ.

ಇನ್ನು ಬೆಳಗಾವಿಯ ಕಥೆ ನೋಡಿ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ. ಮಾರ್ಚ್ 2020ರ ಕೊನೆಯಲ್ಲಿ ಈ ಹಣದಿಂದ ಕೊರೊನಾ ಪರೀಕ್ಷೆ, ಚಿಕಿತ್ಸೆಗೆ ಬೇಕಾದ ಉಪಕರಣ ಕೊಳ್ಳಬಹುದೆಂದು ಕೇಂದ್ರ ಅನುಮತಿ ಕೊಟ್ಟಿತು. ಎರಡು ವಾರ ಕಳೆಯುವುದರೊಳಗೆ, ಏಪ್ರಿಲ್ 6ರಂದು, ನಿಧಿಯನ್ನೇ ಎರಡು ವರ್ಷ ನಿಲ್ಲಿಸಿ ಸುಮಾರು 7,900 ಕೋಟಿಯನ್ನು ದೇಶದ ಸಂಚಿತ ನಿಧಿಗೆ ಸೇರಿಸುವ ತೀರ್ಮಾನವಾಯಿತು. ಅದು ಮತ್ತೆ ಚಾಲ್ತಿಗೆ ಬಂದದ್ದು ನವೆಂಬರ್ 2021ರಲ್ಲಿ. ಅಲ್ಲಿಗೆ ಎರಡು ಅಲೆಗಳೂ ಮುಗಿದಿದ್ದವು. ಬೆಳಗಾವಿಗಂತೂ ಸಂಸದರೂ ಇಲ್ಲ, ಸಂಸದರ ನಿಧಿಯೂ ಇಲ್ಲ. ಯಾರ ಕೈಗೂ ಕೊಡದಿದ್ದರೆ ಎಲ್ಲರೂ ಸಮಾನ ಎಂಬ ನ್ಯಾಯ ನನಗೆ ಒಪ್ಪಿಗೆಯಿಲ್ಲ. ತಾಲ್ಲೂಕು ಆಸ್ಪತ್ರೆಗೆ ಆಕ್ಸಿಜನ್ ಬೇಕಾದಾಗ ದಿಲ್ಲಿಯ ಖಜಾನೆ ಬಹಳ ದೂರ.

ನಮ್ಮ ರಾಜ್ಯದ ಶಾಸಕರ ನಿಧಿ ವರ್ಷಕ್ಕೆ 2 ಕೋಟಿ. ಅದನ್ನು ಖರ್ಚು ಮಾಡುವುದು ಜಿಲ್ಲಾಧಿಕಾರಿಯ ಮೂಲಕ. ಶಾಸಕರದು ಶಿಫಾರಸು ಮಾತ್ರ. ಆದರೂ ಸಮುದಾಯ ಭವನದ ಗೋಡೆಯ ಮೇಲೆ, ಬಸ್ ತಂಗುದಾಣದ ನೆತ್ತಿಯ ಮೇಲೆ, ಆಂಬುಲೆನ್ಸಿನ ಬಾಗಿಲ ಮೇಲೆ ಯಾರ ಹೆಸರು ದಪ್ಪಕ್ಷರದಲ್ಲಿದೆ? ಲಾಕ್‌ಡೌನಿನಲ್ಲಿ ನಮ್ಮ ಓಣಿಗೂ ದಿನಸಿ ಕಿಟ್ ಬಂದವು. ಐದು ಕೆಜಿ ಅಕ್ಕಿ, ಬೇಳೆ, ಎಣ್ಣೆ, ಎರಡು ಮಾಸ್ಕು. ಚೀಲದ ತುಂಬ ನಗುವ ಮುಖ. ಹಣ ಆ ಮುಖದವರದೋ, ಯಾವುದೋ ಕಂಪನಿಯ ದಾನವೋ, ಸರ್ಕಾರದ್ದೋ ಎಂದು ಚೀಲ ಹೇಳಲಿಲ್ಲ. ಇಸಿದುಕೊಂಡವರಿಗೆ ಕೇಳುವ ಸ್ಥಿತಿಯೂ ಇರಲಿಲ್ಲ.

ಸಾಮಾನ್ಯ ಕಾಲದಲ್ಲಾದರೆ ಎದುರಾಳಿಯೂ ಬೀದಿಗಿಳಿದು ಉತ್ತರ ಕೊಡುತ್ತಾನೆ. ಕೊರೊನಾ ಕಾಲದಲ್ಲಿ ಅದಾಗದು. ಚುನಾವಣಾ ಆಯೋಗ 2020ರ ಆಗಸ್ಟಿನಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಮನೆಮನೆ ಪ್ರಚಾರಕ್ಕೆ ಅಭ್ಯರ್ಥಿಯೂ ಸೇರಿ ಐದು ಜನರಷ್ಟೇ ಹೋಗಬೇಕಿತ್ತು. ಹಣವಿಲ್ಲದ ಅಭ್ಯರ್ಥಿಗೆ ಅದೊಂದೇ ದಾರಿ, ಅದೂ ಕಿರಿದಾಯಿತು. ಅಧಿಕಾರದಲ್ಲಿದ್ದವರು ಮಾತ್ರ ‘ಪರಿಹಾರ ಕಾರ್ಯ’ದ ಹೆಸರಿನಲ್ಲಿ ಯಾವ ಬಾಗಿಲನ್ನಾದರೂ ತಟ್ಟಬಹುದು; ಕಾರು ಸರ್ಕಾರದ್ದು, ಜೊತೆಗೆ ಬರುವ ಅಧಿಕಾರಿ ಸರ್ಕಾರದವರು. ಅಭ್ಯರ್ಥಿಯ ಖರ್ಚಿನ ಮಿತಿಯನ್ನು 28 ಲಕ್ಷದಿಂದ 30.8 ಲಕ್ಷಕ್ಕೆ ಏರಿಸಿದ್ದರಿಂದ ಈ ಅಂತರ ತುಂಬುವುದಿಲ್ಲ.

ಹಾಗಾದರೆ ಪರಿಹಾರ ನಿಲ್ಲಿಸಬೇಕೇ? ಖಂಡಿತ ಬೇಡ. ಹೆಸರು ನಿಲ್ಲಿಸಬೇಕು. ಇದು ಆಗದ ಮಾತಲ್ಲ. 2021ರ ಮಾರ್ಚಿನಲ್ಲಿ ಪಶ್ಚಿಮ ಬಂಗಾಳ, ಅಸ್ಸಾಂ, ಕೇರಳ, ತಮಿಳುನಾಡು, ಪುದುಚೇರಿಗಳಲ್ಲಿ ಚುನಾವಣೆ ಬಂದಾಗ ಲಸಿಕೆಯ ಪ್ರಮಾಣಪತ್ರದಿಂದ ಪ್ರಧಾನಿಯವರ ಚಿತ್ರವನ್ನು ತೆಗೆಯಬೇಕಾಯಿತು. ಲಸಿಕೆ ನಿಲ್ಲಲಿಲ್ಲ, ಚಿತ್ರ ಹೋಯಿತು ಅಷ್ಟೆ. ಅದೇ ವರ್ಷ ಮೇ 6ರಂದು ಸ್ಕಾಟ್ಲೆಂಡಿನಲ್ಲಿ ಚುನಾವಣೆಯಿತ್ತು. ಸೋಂಕಿನ ತುರ್ತಿಗೆ ಸಂಸತ್ತು ಬೇಕಾಗಬಹುದೆಂದು ಅದನ್ನು ವಾರಗಳ ಮುಂಚೆ ವಿಸರ್ಜಿಸುವ ಬದಲು ಹಿಂದಿನ ದಿನದವರೆಗೂ ಉಳಿಸಿಕೊಂಡರು. ಸದಸ್ಯರು ಸದಸ್ಯರಾಗಿಯೇ ಇದ್ದರು. ಸಂಸತ್ತು ಕೊಟ್ಟ ಕಚೇರಿ, ಸಿಬ್ಬಂದಿಯನ್ನು ಪ್ರಚಾರಕ್ಕೆ ಬಳಸುವುದು ಮಾತ್ರ ನಿಷಿದ್ಧವಾಗಿತ್ತು. ನಮ್ಮಲ್ಲೂ ಸ್ಥಾನ ತೆರವಾದ ದಿನದಿಂದಲೇ ಆ ಕ್ಷೇತ್ರದಲ್ಲಿ ಹೆಸರು, ಚಿತ್ರಗಳಿಗೆ ತಡೆ ಬರಲಿ. ಶಾಸಕರಿಲ್ಲದ ಕ್ಷೇತ್ರದ ನಿಧಿ ತುರ್ತು ಆರೋಗ್ಯಕ್ಕೆ ಮಾತ್ರ ಬಳಕೆಯಾಗಲಿ, ಅದರ ಲೆಕ್ಕವನ್ನು ಜಿಲ್ಲಾಧಿಕಾರಿ ವಾರಕ್ಕೊಮ್ಮೆ ಗ್ರಾಮ ಪಂಚಾಯಿತಿಯ ಫಲಕದಲ್ಲಿ ಹಾಕಿಸಲಿ.

ಬಿಜ್ಜಳನ ಭಂಡಾರ ನೋಡಿಕೊಂಡ ಬಸವಣ್ಣನವರ ಮೇಲೆ, ರಾಜನ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂಬ ದೂರು ಹೋಯಿತೆಂದು ಪುರಾಣಗಳು ಹೇಳುತ್ತವೆ. ಭಂಡಾರ ತೆರೆದು ಎಣಿಸಿದರೆ ಒಂದು ಹೊನ್ನೂ ಕಡಿಮೆಯಿರಲಿಲ್ಲವಂತೆ. ಇದನ್ನು ಪವಾಡವೆಂದು ಓದುವವರೇ ಹೆಚ್ಚು. ನನಗೆ ಕಾಣುವುದು ಲೆಕ್ಕ: ರಾಜನ ಹಣ ಬೇರೆ, ತನ್ನ ದಾಸೋಹ ಬೇರೆ ಎಂದು ಇಟ್ಟುಕೊಂಡ ಅಧಿಕಾರಿಯ ಪುಸ್ತಕ. ದೂರು ಬಂದಾಗ ಭಂಡಾರದ ಬಾಗಿಲು ತೆರೆದದ್ದೂ ಮುಖ್ಯ. ಆ ಊರಿನ ಉಪಚುನಾವಣೆಯಲ್ಲಿ ಎಲ್ಲ ಪಕ್ಷಗಳವರೂ ಬಸವಣ್ಣನವರ ಹೆಸರು ಹೇಳಿದರು. ಲೆಕ್ಕದ ಪುಸ್ತಕವನ್ನು ಯಾರೂ ನೆನೆಯಲಿಲ್ಲ.

ಇದರಲ್ಲಿ ನಮ್ಮ ಮಠಗಳ ಪಾಲೂ ಇದೆ, ಪೂಜ್ಯರು ಬೇಸರಿಸಬಾರದು. ಕಿಟ್ ಹಂಚುವ ಜಾಗ ಬಹಳ ಕಡೆ ಮಠದ ಅಂಗಳವೇ ಆಗಿತ್ತು. ಶಾಸಕರು ಪಕ್ಕದಲ್ಲಿ ನಿಂತು, ಸ್ವಾಮಿಗಳು ಚೀಲ ಎತ್ತಿಕೊಟ್ಟ ಚಿತ್ರ ಮರುದಿನ ಪತ್ರಿಕೆಯಲ್ಲಿ. ಭಕ್ತರು ಮಠದ ಮೇಲಿಟ್ಟ ನಂಬಿಕೆ ಆ ಚೀಲಕ್ಕೆ ಉಚಿತವಾಗಿ ದಕ್ಕಿತು. ಮುಂದಿನ ಸಲ ಅಂಥ ಟೆಂಪೊ ಬಂದರೆ ಸ್ಟಿಕ್ಕರ್ ಕಿತ್ತು ಹಂಚುತ್ತೇವೆ ಎಂದು ಮೊದಲೇ ಹೇಳಬಹುದು. ಒಪ್ಪದಿದ್ದರೆ ಟೆಂಪೊ ವಾಪಸ್ ಕಳಿಸಿ ಎನ್ನುವ ಧೈರ್ಯ ನನಗಿಲ್ಲ, ಹೊರಗೆ ಹಸಿದವರ ಸಾಲು ಇರುತ್ತದೆ. ಆಗ ಚೀಲ ಬಿಚ್ಚಿ ಅಕ್ಕಿ, ಬೇಳೆಯನ್ನು ದಾಸೋಹದ ಉಗ್ರಾಣಕ್ಕೆ ಸುರಿದು, ಅಡುಗೆ ಮಾಡಿ ಪೊಟ್ಟಣ ಕಟ್ಟಿ ಮನೆಮನೆಗೆ ಕಳಿಸಬಹುದು. 2020ರ ಲಾಕ್‌ಡೌನಿನಲ್ಲಿ ಹಲವು ಮಠಗಳು ಅನ್ನದ ಪೊಟ್ಟಣಗಳನ್ನು ಹಾಗೆಯೇ ಕಳಿಸಿದ್ದವು.