ಮನೆಗೆ ಹೊರಡೋ ಹೊತ್ತು

ಟೀವಿಯಲ್ಲಿ ‘ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ’ ಅಂತ ಬಂದ ಐದೇ ನಿಮಿಷಕ್ಕೆ ಚಳ್ಳಕೆರೆಯಿಂದ ಅಮ್ಮನ ಫೋನ್ ಬರುತ್ತೆ. “ಮಳೆ ಜೋರಾಗೋದ್ರೊಳಗೆ ಮನೆ ಸೇರ್ಕೊಳಪ್ಪ.” ಚೆನ್ನೈನಲ್ಲಿ ಕೆಲಸ ಮಾಡೋ ನಮ್ಮಂಥವರಿಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಈ ಫೋನು ಮಾಮೂಲು. ನಮ್ಮೂರ ಮುಂಗಾರು ಮುಗಿಯೋ ಹೊತ್ತಿಗೆ ಇಲ್ಲಿಯ ಮಳೆಗಾಲ ಶುರು, ಜೊತೆಗೆ ಚಂಡಮಾರುತಗಳ ಕಾಟ.

ಐಟಿ ಕಂಪನಿಗಳು ಸಾಲಾಗಿ ನಿಂತಿರೋ ಓಎಂಆರ್ ರಸ್ತೆಯ ಒಂದು ಕಡೆ ಪಳ್ಳಿಕರಣೈ ಜೌಗು ಪ್ರದೇಶ, ಇನ್ನೊಂದು ಕಡೆ ಬಕಿಂಗ್‌ಹ್ಯಾಮ್ ಕಾಲುವೆ. ಜೌಗಿನ ನೀರು ಒಕ್ಕಿಯಂ ಮಡುವು ಅನ್ನೋ ಹಳ್ಳದ ಮೂಲಕ ಈ ರಸ್ತೆಯನ್ನು ದಾಟಿ ಕಾಲುವೆ ಸೇರಿ, ಅಲ್ಲಿಂದ ಸಮುದ್ರಕ್ಕೆ ಹೋಗಬೇಕು. ಊರು ಸಮತಟ್ಟು. ಜೌಗಿನ ಬಹುಪಾಲು ಜಾಗದಲ್ಲಿ ಈಗ ಕಟ್ಟಡಗಳಿವೆ. ಚಂಡಮಾರುತದ ದಿನ ಸಮುದ್ರವೇ ಉಕ್ಕುತ್ತಿರೋದರಿಂದ ನೀರು ಬೇಗ ಇಳಿಯಲ್ಲ. ಹಾಗಾಗಿ ‘ಮಳೆ ನಿಂತ ಮೇಲೆ ಹೊರಡೋಣ’ ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಮಳೆ ನಿಂತ ಮೇಲೂ ನೀರು ಏರುತ್ತೆ.

2023ರ ಡಿಸೆಂಬರ್ 3, ಭಾನುವಾರ. ಮಿಚಾಂಗ್ ಚಂಡಮಾರುತ ಚೆನ್ನೈ ಕರಾವಳಿಯ ಹತ್ತಿರ ನಿಧಾನವಾಗಿ ಸಾಗ್ತಿತ್ತು. ಅದು ಆಂಧ್ರದ ಬಾಪಟ್ಲ ಹತ್ತಿರ ದಡ ಸೇರಿದ್ದು ಮಂಗಳವಾರ. ಅಷ್ಟರಲ್ಲಿ ಸೋಮವಾರ ಇಲ್ಲಿನ ವಿಮಾನ ನಿಲ್ದಾಣವನ್ನೇ ಮುಚ್ಚಿದ್ದರು. ಭಾನುವಾರ ನನಗೆ ಶೋಳಿಂಗನಲ್ಲೂರಿನ ಆಫೀಸಿನಲ್ಲಿ ಸಪೋರ್ಟ್ ಡ್ಯೂಟಿ. ನಮ್ಮ ಫ್ಲೋರಿನ ಹೌಸ್‌ಕೀಪಿಂಗ್ ಅಕ್ಕ ಮಧ್ಯಾಹ್ನ ಮೂರಕ್ಕೇ ಮನೆಗೆ ಹೋಗ್ತೀನಿ ಅಂತ ಕೇಳಿದ್ದರು. ಪೆರುಂಬಾಕ್ಕಂನಲ್ಲಿ ಮನೆ, ನಾಲ್ಕೈದು ಕಿಲೋಮೀಟರ್ ದೂರ. ಏಳು ವರ್ಷದ ಮಗಳು ಒಬ್ಬಳೇ ಇದ್ದಳು. ‘ಬದಲಿಯವರು ಬರಲಿ, ಆಮೇಲೆ ಹೋಗಿ’ ಅಂದರು ಸೂಪರ್‌ವೈಸರ್. ಆ ಮಳೆಯಲ್ಲಿ ಬದಲಿಯವರು ಎಲ್ಲಿಂದ ಬರಬೇಕು? ರಾತ್ರಿ ಎಂಟಕ್ಕೆ ಬಿಟ್ಟಾಗ ಬಸ್ಸಿಲ್ಲ, ಆಟೋ ಇಲ್ಲ. ಅದೇ ದಿಕ್ಕಿಗೆ ಹೊರಟಿದ್ದ ಸೆಕ್ಯೂರಿಟಿಯವರ ಜೊತೆ, ನೆಲ ಒರೆಸೋ ಮಾಪಿನ ಕೋಲು ಹಿಡ್ಕೊಂಡು ನಡೆದೇ ಹೊರಟರು.

ನಾವು ಇಂಜಿನಿಯರುಗಳು ಒಳಗೇ ಉಳಿದೆವು. ಜನರೇಟರ್ ಇತ್ತು, ಬಿಸ್ಕೆಟ್ ಇತ್ತು, ಕಾಫಿ ಮೆಷಿನ್ ನಡೀತಿತ್ತು. ಸೋಮವಾರ ಪೂರ್ತಿ ಅಕ್ಕನ ಫೋನ್ ಸ್ವಿಚ್ ಆಫ್. ಮಂಗಳವಾರ ಮಧ್ಯಾಹ್ನ ಸಿಕ್ಕಿದಾಗ ಗೊತ್ತಾಯ್ತು: ಅವರು ಮನೆ ಮುಟ್ಟುವಾಗ ರಾತ್ರಿ ಹನ್ನೊಂದೂವರೆ. ಕರೆಂಟಿಲ್ಲದ ಮನೆಯಿಂದ ಮಗುವನ್ನು ಪಕ್ಕದ ಮನೆಯವರು ಕರ್ಕೊಂಡು ಹೋಗಿ ಊಟ ಮಾಡಿಸಿ ಮಲಗಿಸಿದ್ದರು.

ಅವರನ್ನು ದಾಟಿಸಿದ್ದು ಆ ಕೋಲು. ಹೆಜ್ಜೆ ಇಡೋ ಮುಂಚೆ ನೆಲ ಮುಟ್ಟಿ ನೋಡ್ತಿದ್ದರಂತೆ. ನೀರಿನಡಿ ತೆರೆದ ಮ್ಯಾನ್‌ಹೋಲ್, ಚರಂಡಿ ಯಾವುದೂ ಕಾಣಲ್ಲ. ನಡೆಯಲೇಬೇಕಾದರೆ ರಸ್ತೆಯ ಅಂಚು ಬಿಟ್ಟು ಮಧ್ಯಕ್ಕೆ ಬನ್ನಿ. ಲೈಟು ಕಂಬ, ಕರೆಂಟಿನ ಪೆಟ್ಟಿಗೆಗಳಿಂದ ದೂರ ಇರಿ. ಹರಿಯೋ ನೀರಿಗೆ ಮಾತ್ರ ಇಳಿಯಲೇಬೇಡಿ: ರಭಸ ಇದ್ದರೆ ಅರ್ಧ ಅಡಿ ನೀರು ಆಳನ್ನು ಬೀಳಿಸುತ್ತೆ, ಒಂದು ಅಡಿ ನೀರು ಸಣ್ಣ ಕಾರನ್ನು ಎಳ್ಕೊಂಡು ಹೋಗುತ್ತೆ. ನೀರಲ್ಲಿ ಗಾಡಿ ಆಫ್ ಆದರೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಎಂಜಿನ್ನಿಗೆ ನೀರು ನುಗ್ಗಿದರೆ ಕನೆಕ್ಟಿಂಗ್ ರಾಡ್ ಬಾಗಿ ಎಂಜಿನ್ನೇ ಹೋಗುತ್ತೆ. ಮನೆ ಸೇರಿದ ಮೇಲೆ ಕಾಲನ್ನು ಸೋಪು ಹಾಕಿ ತೊಳೀರಿ. ಆಮೇಲಿನ ದಿನಗಳಲ್ಲಿ ಜ್ವರ ಬಂದರೆ ಕೊಚ್ಚೆ ನೀರಲ್ಲಿ ನಡೆದದ್ದನ್ನು ಡಾಕ್ಟರಿಗೆ ಹೇಳಿ. ಇಲಿ ಜ್ವರ ಹರಡೋದು ಇಂಥ ನೀರಿಂದಲೇ.

ಆದರೆ ಇದೆಲ್ಲ ತಡವಾದ ಮೇಲಿನ ಮಾತು. ಮೂರು ಗಂಟೆಗೆ ಬಿಟ್ಟಿದ್ದರೆ ಅಕ್ಕನಿಗೆ ಬಸ್ಸು ಸಿಗ್ತಿತ್ತು, ಕೋಲು ಬೇಕಾಗ್ತಿರಲಿಲ್ಲ. ಬೇಗ ಹೊರಡಬೇಕು ಅನ್ನೋದು ಎಲ್ಲರಿಗೂ ಗೊತ್ತು. ಬೇಗ ಹೊರಡೋ ಅನುಮತಿ ಎಲ್ಲರಿಗೂ ಇರಲ್ಲ. ಲ್ಯಾಪ್‌ಟಾಪ್ ಇರೋರಿಗೆ ವರ್ಕ್ ಫ್ರಮ್ ಹೋಮ್ ಮೇಲ್ ಬರುತ್ತೆ. ನೆಲ ಒರೆಸೋರಿಗೆ, ಗೇಟು ಕಾಯೋರಿಗೆ, ಊಟ ತಂದುಕೊಡೋರಿಗೆ ಆ ಮೇಲ್ ಬರಲ್ಲ.

ಆಮೇಲೆ ನಮ್ಮ ಟೀಮಿನವರು ಸೇರಿ ಆಫೀಸಿನ ಅಡ್ಮಿನ್ ಜೊತೆ ಕೂತು ಒಂದು ನಿಯಮ ಬರೆಸಿದೆವು. ಹವಾಮಾನ ಇಲಾಖೆಯ ಭಾಷೆಯಲ್ಲಿ ಆರೆಂಜ್ ಅಂದರೆ ಸಿದ್ಧರಾಗಿರಿ, ರೆಡ್ ಅಂದರೆ ಕ್ರಮ ಕೈಗೊಳ್ಳಿ. ಆರೆಂಜ್ ಬಂದ ದಿನ ದೂರದಿಂದ ಬರೋ ಕಾಂಟ್ರ್ಯಾಕ್ಟ್ ಸಿಬ್ಬಂದಿ ಮೊದಲು ಹೊರಡಬೇಕು, ಬೆಳಕಿರುವಾಗಲೇ, ಸಂಬಳ ಕಡಿತ ಇಲ್ಲದೆ. ಉಳಿಯಲೇಬೇಕಾದವರಿಗೆ ಊಟ, ಹಾಸಿಗೆ. ಎಲ್ಲರ ಮನೆಯ ಪಕ್ಕದವರ ನಂಬರು ರಿಸೆಪ್ಶನ್ನಿನ ಪುಸ್ತಕದಲ್ಲಿ, ಪೆನ್ನಲ್ಲಿ ಬರೆದು.

ಇದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಬೆಂಗಳೂರಿರಲಿ, ಮಂಗಳೂರಿರಲಿ, ಮುಂದಿನ ಮಳೆಗೆ ಮುಂಚೆ ನಿಮ್ಮ ಆಫೀಸಿನಲ್ಲೂ ಒಂದು ಮಾತು ಕೇಳಿ: ನಮ್ಮಲ್ಲಿ ಕೊನೆಗೆ ಹೊರಡೋರು ಯಾರು, ಅವರ ಮನೆ ಎಲ್ಲಿದೆ?